ಕಿರ್ದಿ ಉಳಿದ ರಾತ್ರಿ

ರಸ್ತೆಗೆ ಅಡ್ಡಲಾಗಿ ಬಿದ್ದಿದ್ದು ಧೂಪದ ಮರ. ಜೀಪಿನ ದೀಪ ಅದರ ಮೇಲೆ ಬಿದ್ದಾಗ ರಾತ್ರಿ 9:30. ತೀರ್ಥಹಳ್ಳಿ ದಾಟಿ ಆಗುಂಬೆ ದಿಕ್ಕಿಗೆ ಸಾಗಿ, ಒಳದಾರಿಗೆ ತಿರುಗಿದ್ದೆವಷ್ಟೇ. ಮುಂದೆ ಇನ್ನೂ ಮೂರು ಕಿಲೋಮೀಟರ್ ಇತ್ತು. ಡ್ರೈವರ್ ಇಳಿದು ಹೋಗಿ ನೋಡಿ ಬಂದ. "ಬೆಳಿಗ್ಗೆವರೆಗೂ ಇದನ್ನ ಯಾರೂ ತೆಗೆಯಲ್ಲ ಮೇಡಂ."

ನನ್ನ ಕಾಲ ಬಳಿ ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹೊಸ ಕಂಪ್ಯೂಟರ್ ಇತ್ತು. ಬೆಳಗಾಗುವುದರೊಳಗೆ ಅದು ಒಂದು ಊರಿನ ಲೆಕ್ಕವನ್ನೆಲ್ಲ ಹೊತ್ತು ನಿಲ್ಲಬೇಕಿತ್ತು.

ಆ ಸಂಜೆ 4:10ಕ್ಕೆ ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದರ ಕಚೇರಿಯ ಮೇಲೆ ಹಲಸಿನ ಕೊಂಬೆ ಮುರಿದು ಬಿದ್ದಿತ್ತು. ಹೆಂಚು ಒಡೆದು, ಮಳೆ ನೀರು ನೇರ ಸರ್ವರಿನೊಳಗೆ ಸುರಿದಿತ್ತು. ಮದರ್‌ಬೋರ್ಡ್ ಸುಟ್ಟಿತು. ಸಂಘದ ಹಿರಿಯ ಗುಮಾಸ್ತರು ಮಾತ್ರ ಧೃತಿಗೆಡದೆ ಹಾರ್ಡ್ ಡಿಸ್ಕನ್ನು ಬಿಚ್ಚಿಸಿ, ಒಣ ಬಟ್ಟೆಯಲ್ಲಿ ಸುತ್ತಿ, ತಿಜೋರಿಯಲ್ಲಿಟ್ಟು ಬೀಗ ಹಾಕಿ ನನಗೆ ಫೋನ್ ಮಾಡಿದ್ದರು. ಅವರ ಬಳಿ ಇದ್ದ ಕೊನೆಯ ಬ್ಯಾಕಪ್ 17 ದಿನ ಹಳೆಯದು.

ಜುಲೈ ಕೊನೆಯ ವಾರ. ಮೊದಲ ಔಷಧಿ ಹೊಡೆದು ನಲವತ್ತು ದಿನ ದಾಟಿದೆ. ಮೋಡದ ಕೆಳಗೆ ತೋಟಗಳು ನೆನೆದು ನಿಂತಿವೆ, ಗೊನೆಯಲ್ಲಿ ಕೊಳೆ ಕಾಣಿಸಿಕೊಂಡಿದೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ಪ್ರಕಟಿಸಿದ ಕಾಲದಿಂದಲೂ ಮಲೆನಾಡು ನಂಬಿರುವ ಆಯುಧ ಒಂದೇ, ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಆದರೆ ಸುರಿಯುವ ಮಳೆಯಲ್ಲಿ ಕೊನೆಗಾರ ಮರ ಹತ್ತುವಂತಿಲ್ಲ, ಹೊಡೆದದ್ದು ಗೊನೆಗೆ ಅಂಟುವುದೂ ಇಲ್ಲ. ಮಳೆ ಹೊಳವಾಗಬೇಕು. ನಾಳೆಯಿಂದ ಎರಡು ದಿನ ಹೊಳ ಎಂದು ಮುನ್ಸೂಚನೆ ಬಂದಿತ್ತು. ಎರಡೇ ದಿನ. ಬೆಳಕು ಹರಿಯುವ ಮೊದಲೇ ರೈತರು ಮೈಲುತುತ್ತಕ್ಕೆ ಸಾಲು ನಿಲ್ಲುತ್ತಾರೆ, ಹೆಚ್ಚಿನವರು ಕಡ ಬರೆಸುವವರು. ಯಾರ ಬಾಕಿ ಎಷ್ಟು, ಯಾರ ಮಿತಿ ಎಷ್ಟು ಎಂದು ಹೇಳಬೇಕಾದ ಪುಸ್ತಕ ತಿಜೋರಿಯೊಳಗಿನ ಒದ್ದೆ ಡಿಸ್ಕಿನಲ್ಲಿತ್ತು.

"ನಡೀರಿ," ಎಂದೆ. ಡ್ರೈವರ್ ಕಂಬಳಿಕೊಪ್ಪೆ ಹೊದ್ದು, ಅದರೊಳಗೆ ಕಂಪ್ಯೂಟರನ್ನು ಬೆನ್ನಿಗೆ ಕಟ್ಟಿಕೊಂಡ. ನಾನು ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡೆ. ಮರದ ಕೆಳಗೆ ನುಸುಳಿದೆವು. ಹಳ್ಳದ ಮೇಲೆ ಅಡಿಕೆ ಮರದ ಸಂಕ. ಕೆಳಗೆ ಕೆಂಪು ನೀರು ಸಂಕವನ್ನು ಮುಟ್ಟಿ ಮುಟ್ಟಿ ಹರಿಯುತ್ತಿತ್ತು. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು ದಾಟಿದೆವು. 10:40ಕ್ಕೆ ಕಚೇರಿಯ ಜಗಲಿ ಹತ್ತಿದಾಗ ಎರಡೂ ಕಾಲಿಗೆ ಉಂಬಳ ಕಚ್ಚಿಕೊಂಡಿದ್ದವು. ಕೀಳಲು ಪುರಸೊತ್ತಿರಲಿಲ್ಲ.

ಡಿಸ್ಕನ್ನು ಯುಎಸ್‌ಬಿ ಕೇಬಲ್ಲಿಗೆ ಸಿಕ್ಕಿಸಿ ಉಸಿರು ಬಿಗಿಹಿಡಿದೆ. ತಿರುಗಿತು. ಓದಲು ಮಾತ್ರ ತೆರೆದೆ, ಬರೆಯಲು ಬಿಡಲಿಲ್ಲ. ಈ ಕೆಲಸದಲ್ಲಿ ಕಲಿತ ಮೊದಲ ನೇಮ ಅದು: ಉಳಿದಿರುವ ಒಂದೇ ಪ್ರತಿಯ ಮೇಲೆ ಕೈ ಆಡಿಸಬಾರದು. ಏನು ಮಾಡುವುದಿದ್ದರೂ ನಕಲಿನ ಮೇಲೆ. ನಕಲು ಓಡುತ್ತಿದ್ದ ಹೊತ್ತಿನಲ್ಲಿ ಹೊಸ ಯಂತ್ರದ ಉಬುಂಟು ಲಿನಕ್ಸ್ 22.04ರ ಮೇಲೆ, ಜತೆಗೆ ತಂದಿದ್ದ ಕಡತಗಳಿಂದ ಮೈಎಸ್‌ಕ್ಯೂಎಲ್ 8.0 ಡೇಟಾಬೇಸ್ ಹಾಕಿದೆ. 11:20ಕ್ಕೆ ಖಾಲಿ ಸರ್ವರ್ ಒಂದೇ ಏಟಿಗೆ ಎದ್ದಿತು.

ಹಳೆಯ ಡಿಸ್ಕಿನಲ್ಲಿದ್ದ ಕಾನ್ಫಿಗರೇಶನ್ ಕಡತವನ್ನು ಹೊಸದರಲ್ಲಿಟ್ಟು ಮತ್ತೆ ಚಾಲೂ ಮಾಡಿದೆ. ಪರದೆಯ ಮೇಲೆ ಕೆಂಪಕ್ಷರ. ಸರ್ವಿಸ್ ಫೇಲ್ಡ್.

ಗುಮಾಸ್ತರು ಲಾಟೀನು ಹತ್ತಿರ ತಂದರು. "ಎಂತ ಆಯ್ತು ಮಾರಾಯ್ತಿ?"

"ಏಳಲ್ಲ ಅಂತಿದೆ."

"ಎಂತಕ್ಕೆ ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ಬೆರಳು ಆಗಲೇ ಎರಡನೇ ಸಲ ಸ್ಟಾರ್ಟ್ ಒತ್ತಲು ಹೊರಟಿತ್ತು. ಗಾಬರಿ ಮಾಡಿಸುವ ಕೆಲಸವೇ ಅದು: ಅದೇ ಬಾಗಿಲನ್ನು ಇನ್ನಷ್ಟು ಜೋರಾಗಿ ಬಡಿಯುವುದು, ಇಲ್ಲವೇ ಎಲ್ಲ ಕಿತ್ತು ಮತ್ತೆ ಹಾಕುವುದು. ಕೈ ಹಿಂತೆಗೆದು ಎರರ್ ಲಾಗ್ ತೆರೆದೆ. ಕೊನೆಯಿಂದ ಮೇಲಕ್ಕೆ ಓದುತ್ತ ಹೋದೆ. ಸಿಕ್ಕಿತು: ಅನ್‌ನೋನ್ ವೇರಿಯಬಲ್, ಕ್ವೆರಿ ಕ್ಯಾಶ್ ಸೈಜ್. 2018ರಲ್ಲಿ ಬಂದ 8.0ರಲ್ಲಿ ಕ್ವೆರಿ ಕ್ಯಾಶ್ ಎಂಬ ಅಂಗವನ್ನೇ ತೆಗೆದುಹಾಕಿದ್ದಾರೆ. ತನಗೆ ಗೊತ್ತಿಲ್ಲದ ಅಪ್ಪಣೆ ಕಂಡರೆ ಸರ್ವರ್ ಊಹೆ ಮಾಡಿಕೊಂಡು ಮುನ್ನಡೆಯುವುದಿಲ್ಲ, ನಿಂತುಬಿಡುತ್ತದೆ. ಆ ಸಾಲಿನ ಮುಂದೆ ಒಂದು ಗುರುತು ಹಾಕಿ ಅದನ್ನು ನಿಷ್ಕ್ರಿಯಗೊಳಿಸಿದೆ. ಸರ್ವರ್ ಎದ್ದಿತು.

ಆ ಸಾಲು ನನಗೆ ಇನ್ನೂ ಒಂದು ಮಾತು ಹೇಳಿತ್ತು. ಆತುರದಲ್ಲಿ ನಾನು ಅದನ್ನು ಕೇಳಿಸಿಕೊಳ್ಳದೆ ದಾಟಿಬಿಟ್ಟೆ. ಅದರ ಬೆಲೆ ಮುಂದೆ ತೆರಬೇಕಾಯಿತು.

12:05. ಹೊಸ ಯಂತ್ರದ ದೊಡ್ಡ ಡಿಸ್ಕಿನಲ್ಲಿ ಸಂಘದ ದತ್ತಾಂಶದ ನಕಲು ಸಿದ್ಧವಾಗಿತ್ತು. ಸರ್ವರಿಗೆ ಆ ಹೊಸ ಜಾಗ ತೋರಿಸಿ ಚಾಲೂ ಮಾಡಿದೆ. ಮತ್ತೆ ಕೆಂಪು. ಈ ಬಾರಿ ಗುಮಾಸ್ತರು ಕೇಳುವ ಮೊದಲೇ ಲಾಗಿಗೆ ಹೋದೆ. ಎರರ್ ನಂಬರ್ 13, ಪರ್ಮಿಶನ್ ಡಿನೈಡ್. ಲಿನಕ್ಸಿಗೆ ಮಾಲೀಕನೆಂದರೆ ಹೆಸರಲ್ಲ, ಸಂಖ್ಯೆ. ಹಳೆಯ ಯಂತ್ರದಲ್ಲಿ ಮೈಎಸ್‌ಕ್ಯೂಎಲ್ ಬಳಕೆದಾರನ ಸಂಖ್ಯೆ ಒಂದು, ಇಲ್ಲಿ ಇನ್ನೊಂದು. ಅಷ್ಟೂ ಕಡತಗಳು ಈ ಯಂತ್ರದಲ್ಲಿ ಯಾರೂ ಅಲ್ಲದ ಒಬ್ಬನ ಹೆಸರಿನಲ್ಲಿದ್ದವು. ಒಂದು ಆದೇಶದಿಂದ ಎಲ್ಲದರ ಒಡೆತನ ಬದಲಿಸಿದೆ. ಚಾಲೂ ಮಾಡಿದೆ.

ಮತ್ತೆ ಅದೇ 13.

ಬೆನ್ನಿನಲ್ಲಿ ಚಳಿ ಇಳಿಯಿತು. ಒಡೆತನ ಸರಿ ಇದೆ, ಅನುಮತಿ ಸರಿ ಇದೆ, ಆದರೂ ಒಳಗೆ ಬಿಡುತ್ತಿಲ್ಲ. ಹೊರಗೆ ಮಳೆ ಹೆಂಚಿನ ಮೇಲೆ ಕಲ್ಲೆಸೆದ ಹಾಗೆ ಬೀಳುತ್ತಿತ್ತು. ಕರೆಂಟು ಯಾವಾಗಲೋ ಹೋಗಿತ್ತು. ಜನರೇಟರು ಕೆಮ್ಮುತ್ತ ಓಡುತ್ತಿತ್ತು, ಡೀಸೆಲ್ ಬೆಳಗಿನವರೆಗೆ ಸಾಲುವಷ್ಟು ಇರಲಿಲ್ಲ. ಎಲ್ಲ ಕಡತಗಳನ್ನೂ ಎಲ್ಲರಿಗೂ ತೆರೆದಿಡು, ರಕ್ಷಣೆಯನ್ನೆಲ್ಲ ಆರಿಸಿಬಿಡು ಎಂದು ಮನಸ್ಸು ಹಟ ಹಿಡಿಯಿತು. ಅದಕ್ಕೆ ಕಿವಿಗೊಡಲಿಲ್ಲ. ಸರ್ವರಿನ ಲಾಗ್ ಬಿಟ್ಟು ಕರ್ನಲ್‌ನ ಲಾಗಿನಲ್ಲಿ ಹುಡುಕಿದೆ. ಅಲ್ಲಿತ್ತು ಉತ್ತರ: ಆಪ್‌ಆರ್ಮರ್, ಡಿನೈಡ್.

2010ರಿಂದ ಲಿನಕ್ಸ್ ಕರ್ನಲ್‌ನ ಭಾಗವಾಗಿರುವ ಕಾವಲುಗಾರ ಅದು. ಕಡತದ ಮಾಲೀಕ ಯಾರೆಂದು ಅದು ಕೇಳುವುದಿಲ್ಲ; ಈ ಪ್ರೋಗ್ರಾಮು ಯಾವ ಕೋಣೆಗೆ ಕಾಲಿಡಬಹುದು ಎಂಬ ಪಟ್ಟಿ ಅದರ ಕೈಯಲ್ಲಿರುತ್ತದೆ. ಪಟ್ಟಿಯಲ್ಲಿ ಹಳೆಯ ಜಾಗ ಮಾತ್ರ ಇತ್ತು. ಹೊಸ ಜಾಗವನ್ನೂ ಹಳೆಯದೆಂದೇ ತಿಳಿ ಎಂದು ಒಂದು ಸಾಲು ಸೇರಿಸಿ, ಕಾವಲುಗಾರನಿಗೆ ಪಟ್ಟಿಯನ್ನು ಮರಳಿ ಓದಿಸಿದೆ. 1:15. ಸ್ಟಾರ್ಟ್.

ಈ ಸಲ ಸರ್ವರ್ ಹೊಸ್ತಿಲು ದಾಟಿತು. ದತ್ತಾಂಶ ತೆರೆಯಿತು. ಮೂರು ಸೆಕೆಂಡು, ನಾಲ್ಕು ಸೆಕೆಂಡು. ಸತ್ತಿತು.

ಲಾಗಿನ ಕೊನೆಯಲ್ಲಿದ್ದ ಸಾಲನ್ನು ಎರಡು ಸಲ ಓದಿದೆ. ಕ್ರ್ಯಾಶ್ ಆದ ಮೇಲೆ ಅಪ್‌ಗ್ರೇಡ್ ಮಾಡುವಂತಿಲ್ಲ, ಈ ರೀಡೂ ಲಾಗ್ ಮೈಎಸ್‌ಕ್ಯೂಎಲ್ 5.7ರಲ್ಲಿ ಬರೆದದ್ದು ಎಂದಿತ್ತು.

5.7! ಮೊದಲ ಬಾಗಿಲು ಅದನ್ನೇ ಹೇಳಿತ್ತಲ್ಲ. ಕ್ವೆರಿ ಕ್ಯಾಶಿನ ಸಾಲು ಇದ್ದ ಮೇಲೆ ಹಳೆಯ ಸರ್ವರ್ 8.0 ಆಗಿರಲು ಸಾಧ್ಯವೇ ಇರಲಿಲ್ಲ. ಸುಳಿವನ್ನು ಕೈಯಲ್ಲಿ ಹಿಡಿದು ಬದಿಗಿಟ್ಟಿದ್ದೆ.

"ಈಗ ಎಂತ ಹೇಳ್ತದೆ?" ಗುಮಾಸ್ತರ ದನಿ ಮೆಲ್ಲಗಿತ್ತು.

ಅವರಿಗೆ ಅರ್ಥವಾಗುವ ಮಾತು ನನಗೆ ಗೊತ್ತಿತ್ತು. ನನ್ನ ಅಜ್ಜನೂ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದವರು. "ನೀವು ಕೈಬರಹದಲ್ಲಿ ಲೆಕ್ಕ ಬರೀವಾಗ ಮೊದಲು ಕಿರ್ದಿಗೆ ಬರೀತಿದ್ರಲ್ವಾ, ಆಮೇಲೆ ಪುರಸೊತ್ತಾದಾಗ ಖಾತೆಗೆ?"

"ಹೌದು. ಕಿರ್ದಿ ಮೊದಲು. ಕಿರ್ದಿ ಇದ್ರೆ ಖಾತೆ ಯಾವಾಗ ಬೇಕಾದ್ರೂ ಎಬ್ಬಿಸಬಹುದು."

"ಇದೂ ಹಾಗೇ. ಬಂದ ವ್ಯವಹಾರವನ್ನ ಮೊದಲು ಕಿರ್ದಿಗೆ ಬರೆದು ಡಿಸ್ಕಿಗೆ ಒತ್ತುತ್ತೆ, ಆಮೇಲೆ ರಸೀದಿ. ಖಾತೆಗೆ ನಿಧಾನವಾಗಿ ಏರಿಸುತ್ತೆ. ಕೊಂಬೆ ಬಿದ್ದಾಗ ಕೊನೆಯ ಲೆಕ್ಕಗಳು ಕಿರ್ದಿಯಲ್ಲಿದ್ದವು, ಖಾತೆಗೆ ಏರಿರಲಿಲ್ಲ. ಆ ಕಿರ್ದಿ ಹಳೇ ಗುಮಾಸ್ತನ ಕೈಬರಹ. ಹೊಸಬನಿಗೆ ಓದೋಕೆ ಬರಲ್ಲ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಹಳಬನ್ನೇ ಕರೀಬೇಕು."

ಇನ್ನೊಂದು ದಾರಿಯೂ ಇತ್ತು. ರೀಡೂ ಲಾಗಿನ ಎರಡು ಕಡತಗಳು, ಒಂದೊಂದೂ 48 ಎಂಬಿ. ಅವನ್ನು ಅಳಿಸಿದರೆ ಮುಗಿಯಿತು ಎಂದು ಸಲಹೆ ಕೊಡುವವರಿದ್ದಾರೆ. ಸರ್ವರ್ ಎದ್ದರೂ ಎದ್ದೀತು. ಆದರೆ ಆ ಎರಡು ಕಡತಗಳೇ ಕಿರ್ದಿ. ಖಾತೆಯ ಕೆಲವು ಹಾಳೆ ಇಂದಿನವು, ಕೆಲವು ನಿನ್ನೆಯವು. ಅವುಗಳನ್ನು ಹೊಂದಿಸುವ ಏಕೈಕ ಸಾಕ್ಷಿಯನ್ನು ಸುಟ್ಟು, ಸುಳ್ಳು ಲೆಕ್ಕವನ್ನು ಸರಿಯೆಂದು ರೈತರ ಮುಂದಿಡಬೇಕು. ಇಷ್ಟು ಹೊತ್ತು ನಾನು ಬಯ್ಯುತ್ತಿದ್ದ ಆ ಕೆಂಪಕ್ಷರ ಮಾಡಿದ್ದೇನೆಂದು ಆಗ ತಿಳಿಯಿತು. ಏಳದ ಸರ್ವರ್ ನನ್ನೊಡನೆ ಜಗಳಕ್ಕೆ ನಿಂತಿರಲಿಲ್ಲ. ಆ ದಿನ ಹಣ ಕಟ್ಟಿಹೋದ ಒಬ್ಬೊಬ್ಬರ ಪರವಾಗಿ ಅದು ಬಾಗಿಲಲ್ಲಿ ನಿಂತಿತ್ತು.

ಹಳಬ ಬೇಕು, ಅಂದರೆ ಮೈಎಸ್‌ಕ್ಯೂಎಲ್ 5.7. ನನ್ನ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ನೂರಾರು ಎಂಬಿಯ ಕಡತ. ಲ್ಯಾಂಡ್‌ಲೈನ್ ಸತ್ತಿತ್ತು, ಮೊಬೈಲಿನಲ್ಲಿ ಒಂದು ಕಡ್ಡಿಯೂ ಇರಲಿಲ್ಲ.

ಮೂಲೆಯಲ್ಲಿ ಗೋಣಿ ಹೊದ್ದು ಕೂತಿದ್ದ ಅಟೆಂಡರ್ ಹುಡುಗ ಎದ್ದ. "ಗುಡ್ಡದ ಮೇಲೆ ಸಿಗ್ನಲ್ ಬರ್ತದೆ ಅಕ್ಕಾ. ಕೊರೋನಾ ಟೈಮಲ್ಲಿ ನಾವು ಅಲ್ಲೇ ಆನ್‌ಲೈನ್ ಕ್ಲಾಸ್ ಕೇಳಿದ್ದು."

1:50ಕ್ಕೆ ಹೊರಟೆವು. ಅವನು ಮುಂದೆ, ಕತ್ತಿಯಿಂದ ಪೊದೆ ಸವರುತ್ತ. ನಾನು ಹಿಂದೆ, ಕೊಪ್ಪೆಯೊಳಗೆ ಲ್ಯಾಪ್‌ಟಾಪ್. ದಾರಿಯೇ ತೊರೆಯಾಗಿತ್ತು. ಬೇರು ಹಿಡಿದು ಹತ್ತಿ, ಜಾರಿ, ಮತ್ತೆ ಹತ್ತಿದೆವು. ಒಂದೆಡೆ ಕಾಲ ಕೆಳಗಿನ ಮಣ್ಣು ಸದ್ದಿಲ್ಲದೆ ಕಳಚಿ ಕತ್ತಲಿಗೆ ಹೋಯಿತು. ಹುಡುಗ ನನ್ನ ರಟ್ಟೆ ಹಿಡಿದು ಮೇಲೆಳೆದ. ತುದಿಯಲ್ಲಿ ಬಂಡೆ. ಅದರ ಪಕ್ಕ, 2020ರಲ್ಲಿ ಮಕ್ಕಳು ಕಟ್ಟಿಕೊಂಡಿದ್ದ ಗುಡಿಸಲಿನ ಎರಡು ಕಂಬ, ಅರ್ಧ ಮಾಡು. ಅದರಡಿ ಕುಕ್ಕರುಗಾಲಿನಲ್ಲಿ ಕೂತು ಫೋನನ್ನು ಮೇಲಕ್ಕೆತ್ತಿದೆ. ಒಂದು ಕಡ್ಡಿ. ಎರಡು.

ಕಡತ ಇಳಿಯತೊಡಗಿತು. ಶೇಕಡಾ 12. 31. 58. ಗಾಳಿ ತಿರುಗಿ ಮಳೆ ನೇರ ಮುಖಕ್ಕೆ ಬಡಿಯಿತು. ಹುಡುಗ ತನ್ನ ಗೋಣಿ ಬಿಚ್ಚಿ ಲ್ಯಾಪ್‌ಟಾಪಿಗೆ ಅಡ್ಡ ಹಿಡಿದು ತಾನು ನೆನೆಯುತ್ತ ನಿಂತ. 83ರಲ್ಲಿ ಸಿಗ್ನಲ್ ಹೋಯಿತು. ಕೈ ನಡುಗಿತು. ಮೊದಲಿಂದ ಶುರು ಮಾಡುವಷ್ಟು ಬ್ಯಾಟರಿ ಇರಲಿಲ್ಲ. ನಿಂತಲ್ಲಿಂದಲೇ ಮುಂದುವರಿಸು ಎಂಬ ಆದೇಶ ಬರೆದಿಟ್ಟು ಕಾದೆ. ನಾಲ್ಕು ನಿಮಿಷ. ಆರು. ಕಡ್ಡಿ ಮರಳಿತು. 84. 100. ಕಡತದ ಚೆಕ್‌ಸಮ್ ತಾಳೆ ನೋಡಿದೆ, ಒಂದಕ್ಷರವೂ ತಪ್ಪಿರಲಿಲ್ಲ. ಜಾರುತ್ತಲೇ ಗುಡ್ಡ ಇಳಿದೆವು.

3:35. ಹೊಸ ಸರ್ವರ್ ಮುಟ್ಟಿದ್ದ ನಕಲನ್ನು ಪಕ್ಕಕ್ಕಿಟ್ಟೆ. ಮೂಲ ಡಿಸ್ಕಿನಿಂದ ಮತ್ತೊಂದು ಹೊಸ ನಕಲು ತೆಗೆದೆ, ಇಪ್ಪತ್ತು ನಿಮಿಷ ಹೋದರೂ ಹೋಗಲಿ ಎಂದು. ಆಮೇಲೆ 5.7ನ್ನು ಬೇರೆಯೇ ಫೋಲ್ಡರಿನಲ್ಲಿ ಬಿಚ್ಚಿ, ಅದನ್ನು ಆ ನಕಲಿನ ಮೇಲೆ ಚಾಲೂ ಮಾಡಿದೆ. ಹಳಬ ತನ್ನ ಕೈಬರಹ ಗುರುತಿಸಿದ. ಡೇಟಾಬೇಸ್ ಸರಿಯಾಗಿ ಮುಚ್ಚಿರಲಿಲ್ಲ, ಕ್ರ್ಯಾಶ್ ರಿಕವರಿ ಆರಂಭ ಎಂದು ಲಾಗ್ ಹೇಳಿತು. ಕಿರ್ದಿಯಿಂದ ಖಾತೆಗೆ ಏರಿಸುವ ಎಣಿಕೆ ಪರದೆಯ ಮೇಲೆ ಸಾಗಿತು. 10, 20, 35, 43.

ಜನರೇಟರು ಕೆಮ್ಮಿ ನಿಂತಿತು. ಯುಪಿಎಸ್ ಒಮ್ಮೆ ಚೀರಿ ಅದೂ ನಿಂತಿತು. ಕತ್ತಲು.

ಯಾರೂ ಮಾತಾಡಲಿಲ್ಲ. ಮಳೆಯ ಸದ್ದಿನಲ್ಲಿ ಡ್ರೈವರ್ ಟಾರ್ಚು ಹಿಡಿದು ಹೊರಗೋಡಿದ್ದು ಕೇಳಿಸಿತು. ನಾನು ಕತ್ತಲಲ್ಲಿ ಕೂತು ಒಂದನ್ನೇ ಯೋಚಿಸುತ್ತಿದ್ದೆ: ಅರ್ಧ ಏರಿಸಿದ ಲೆಕ್ಕ. ಮತ್ತೆ ಶುರು ಮಾಡಿದರೆ ಏರಿದ್ದೇ ಇನ್ನೊಮ್ಮೆ ಏರಿಬಿಟ್ಟರೆ? ಒಬ್ಬನ ಸಾಲ ಎರಡು ಸಲ ತೀರಿದಂತಾದರೆ?

ಇಲ್ಲ, ಹಾಗಾಗುವುದಿಲ್ಲ. ಇದನ್ನು ಕಟ್ಟಿದವರು ಈ ಕತ್ತಲನ್ನೂ ಲೆಕ್ಕಕ್ಕೆ ಹಿಡಿದೇ ಕಟ್ಟಿದ್ದಾರೆ. ಮದ್ರಾಸ್ ಐಐಟಿಯಲ್ಲಿ ಓದಿ ಐಬಿಎಂ ಸೇರಿದ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಏರೀಸ್ ವಿಧಾನದ ಜೀವಾಳ ಇದೇ. ಬಿದ್ದ ಮೇಲೆ ನಡೆದದ್ದನ್ನೆಲ್ಲ ಕ್ರಮವಾಗಿ ಇನ್ನೊಮ್ಮೆ ನಡೆಸು, ಆಮೇಲೆ ಮುಗಿಯದೆ ಉಳಿದದ್ದನ್ನು ಹಿಂದಕ್ಕೆ ತೆಗೆ. ನಡುವೆ ಮತ್ತೆ ಬಿದ್ದರೆ? ಮತ್ತೆ ಮೊದಲಿಂದ ನಡೆಸು. ಮೈಎಸ್‌ಕ್ಯೂಎಲ್ ಒಳಗೆ ಲೆಕ್ಕ ಕಾಯುವ, ಹೈಕಿ ಟೂರಿ ರೂಪಿಸಿದ ಇನ್ನೋಡಿಬಿ ಸಾಗುವುದೂ ಇಂಥದೇ ದಾರಿಯಲ್ಲಿ. ಖಾತೆಯ ಪ್ರತಿ 16 ಕೆಬಿ ಹಾಳೆಯ ಮೇಲೂ ಒಂದು ಕ್ರಮಸಂಖ್ಯೆ ಇರುತ್ತದೆ, ಕಿರ್ದಿಯ ಎಷ್ಟನೇ ನಮೂದಿನವರೆಗೆ ಇಲ್ಲಿ ಏರಿದೆ ಎಂದು. ಏರಿದ್ದನ್ನು ಬಿಡುತ್ತದೆ, ಏರದ್ದನ್ನು ಏರಿಸುತ್ತದೆ. ಬರೆಯುವಾಗಲೇ ಹಾಳೆ ಹರಿದುಹೋಗಿದ್ದರೆ, ಮೊದಲೇ ಬೇರೊಂದು ಜಾಗದಲ್ಲಿ ಬರೆದಿಟ್ಟ ಅದರ ಜೋಡಿ ಪ್ರತಿ ಇರುತ್ತದೆ.

ಡ್ರೈವರ್ ಎಲ್ಲಿಂದಲೋ ಒಂದು ಕ್ಯಾನ್ ಡೀಸೆಲ್ ಹೊತ್ತು ಬಂದ. ಪಕ್ಕದ ತೋಟದವರ ಪಂಪಿನಿಂದ ತೆಗೆದದ್ದಂತೆ. 4:25ಕ್ಕೆ ಬೆಳಕು ಬಂತು. ಹಳಬನನ್ನು ಮತ್ತೆ ಎಬ್ಬಿಸಿದೆ. 10. 35. 43. ಯಾರೂ ಉಸಿರಾಡಲಿಲ್ಲ. 44.

60. 80. 99. ಆಮೇಲೆ ಒಂದು ಸಾಲು ಬಂತು: ಹಿಂದಕ್ಕೆ ತೆಗೆಯಬೇಕಾದ ವ್ಯವಹಾರ, ಒಂದು. ತೆಗೆಯಿತು. ಸರ್ವರ್ ಸಿದ್ಧ.

ಸಂಪೂರ್ಣ ಶುಚಿಯಾಗಿ ಮುಚ್ಚು, ಯಾವ ಕೆಲಸವನ್ನೂ ಬಾಕಿ ಬಿಡಬೇಡ ಎಂದು ಹಳಬನಿಗೆ ಅಪ್ಪಣೆ ಕೊಟ್ಟೆ. ಅವನು ಪುಸ್ತಕ ಮಡಚಿ ಇಳಿದ. 4:58ಕ್ಕೆ, ಒಡೆತನ ಸರಿಪಡಿಸಿ, ಅದೇ ದತ್ತಾಂಶದ ಮೇಲೆ 8.0ನ್ನು ಕರೆದೆ. ಈ ಸಲ ಕೆಂಪಿಲ್ಲ. ಅಪ್‌ಗ್ರೇಡ್ ಆರಂಭ. ನಿಮಿಷಗಳು ಹೋದವು. ಅಪ್‌ಗ್ರೇಡ್ ಮುಗಿಯಿತು. ಕೊನೆಗೆ, ರಾತ್ರಿಯಿಡೀ ಕಾದಿದ್ದ ಸಾಲು: ರೆಡಿ ಫಾರ್ ಕನೆಕ್ಷನ್ಸ್.

ಹುಡುಗ ಚಪ್ಪಾಳೆ ತಟ್ಟಿದ. ಗುಮಾಸ್ತರು ತಟ್ಟಲಿಲ್ಲ. ತಿಜೋರಿಯಿಂದ ಹಿಂದಿನ ದಿನದ ರಸೀದಿಗಳ ಕಚೇರಿ ಪ್ರತಿ ತಂದು, ಕನ್ನಡಕ ಒರೆಸಿ, ನನ್ನ ಪಕ್ಕ ಕೂತರು. "ಓದು."

ಓದಿದೆ. ಅವರು ಒಂದೊಂದಕ್ಕೂ ಪೆನ್ಸಿಲಿನಲ್ಲಿ ಟಿಕ್ ಹಾಕಿದರು. 409 ಸರಿ. 410 ಸರಿ. 411 ಸರಿ. 412, ಸಂಜೆ 4:08, ಸಾಲದ ಕಂತು. ಸರಿ.

"413?"

"ಇಲ್ಲ."

ಅವರು ಕಣ್ಣು ಮುಚ್ಚಿದರು. "ಇರಬಾರದು ಮಗಾ. ಅದನ್ನ ಹೊಡೀತಾ ಇರುವಾಗಲೇ ಕೊಂಬೆ ಬಿದ್ದದ್ದು. ರಸೀದಿ ಕೊಡಲಿಲ್ಲ, ದುಡ್ಡು ತೆಗೆದುಕೊಳ್ಳಲಿಲ್ಲ." ಹಿಂದಕ್ಕೆ ತೆಗೆದ ಆ ಒಂದು ವ್ಯವಹಾರ ಅದೇ. ಇರಬೇಕಾದದ್ದೆಲ್ಲ ಇತ್ತು, ಇರಬಾರದ್ದು ಇರಲಿಲ್ಲ.

ಕಾಲಿನ ಉಂಬಳ ಆಗ ಕಿತ್ತೆ. ಹೊಸ ಬ್ಯಾಕಪ್ ತೆಗೆದು, ಹಳೆಯ ಡಿಸ್ಕಿನ ಜೊತೆ ತಿಜೋರಿಯಲ್ಲಿಟ್ಟೆವು. ರಾತ್ರಿ ಬಂದ ನಾಲ್ಕು ಎರರ್‌ಗಳನ್ನೂ ಅವುಗಳ ಕಾರಣವನ್ನೂ ಗಂಟೆ ಸಮೇತ ಒಂದು ಪುಸ್ತಕದಲ್ಲಿ ಬರೆದು ಸರ್ವರಿನ ಪಕ್ಕ ಕಟ್ಟಿದೆ. ನಾಳೆ ಇದು ಏಳದೆ ಹೋದರೆ, ಬಂದವರು ಬಾಗಿಲು ಬಡಿಯುವ ಮೊದಲು ಓದಲಿ ಎಂದು.

6:10ಕ್ಕೆ ಹೆಂಚಿನ ಸದ್ದು ನಿಂತಿತು. ಹೊಳವಾಗಿತ್ತು. ಮರ ಬಿದ್ದಿದ್ದ ಕಡೆಯಿಂದ ಗರಗಸದ ಸದ್ದು ಬಂತು, ಆಮೇಲೆ ಜೀಪುಗಳದ್ದು. ಜಗಲಿಯಲ್ಲಿ ಜನ ಸೇರುತ್ತಿದ್ದರು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತವರನ್ನು ಕಂಡು ಗುಮಾಸ್ತರು ಕಿಟಕಿಯಿಂದ ಬಗ್ಗಿ ನೋಡಿದರು.

"ನಿನ್ನೆ ಅರ್ಧಕ್ಕೆ ಎದ್ದು ಹೋದದ್ದು ನೀವೇ ಅಲ್ವಾ?"

"ಹೌದು ರಾಯರೆ. ಲೆಕ್ಕ ಎಲ್ಲ ಹೋಯ್ತು ಅಂದ್ರು ಊರಲ್ಲಿ."

ಗುಮಾಸ್ತರು ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡು ಒಂದೊಂದೇ ಅಕ್ಷರ ಒತ್ತಿದರು. ಪ್ರಿಂಟರ್ ಕಿರುಗುಟ್ಟಿ ಹಾಳೆ ಹೊರಬಿತ್ತು. ಹರಿದು, ಸಹಿ ಹಾಕಿ, ಕಿಟಕಿಯಾಚೆಗೆ ಚಾಚಿದರು. ರಸೀದಿ ಸಂಖ್ಯೆ 413.